ಗಣಿತ ಓದಲು ಎಲ್ಲಿಗೆ ಹೋಗಬೇಕು? ಸಂಸ್ಥೆಗಳ ಹುಟ್ಟು ನೋಡಿ ಆರಿಸುವ ಬಗೆ

ಮಗಳು ಅಥವಾ ಮಗ ಗಣಿತವನ್ನೇ ಓದುತ್ತೇನೆ ಎಂದು ಹಟ ಹಿಡಿದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ದೇಶದಲ್ಲಿ ನಂಬರ್ ಒನ್ ಯಾವುದು?’ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಗಣಿತದಲ್ಲಿ ಬಹು ದೊಡ್ಡ ಹೆಸರು. ಆದರೆ ಪಿಯುಸಿ ಮುಗಿಸಿದವರನ್ನು ಅದು ಸೇರಿಸಿಕೊಳ್ಳುವುದೇ ಇಲ್ಲ. ಚೆನ್ನೈ ಗಣಿತ ಸಂಸ್ಥೆ, ಅಂದರೆ ಸಿಎಂಐ, ಪಿಯುಸಿ ಮಕ್ಕಳಿಗಾಗಿ ಕಾದು ಕುಳಿತಿದೆ. ಆದರೆ ಅಲ್ಲಿ ಭೌತವಿಜ್ಞಾನದ ಪ್ರಯೋಗಾಲಯಗಳ ದೊಡ್ಡ ಸಾಲು ಹುಡುಕಿದರೆ ನಿರಾಸೆಯಾಗುತ್ತದೆ. ಒಂದೊಂದು ಸಂಸ್ಥೆಯನ್ನೂ ಯಾರೋ ಒಬ್ಬರು, ತಮ್ಮ ಕಣ್ಣಿಗೆ ಬಿದ್ದ ಯಾವುದೋ ಒಂದು ಕೊರತೆಯನ್ನು ತುಂಬಲು ಕಟ್ಟಿದ್ದಾರೆ. ಅವರು ಅಂದು ಹಾಕಿದ ಪಾಯದ ಮೇಲೆಯೇ ಇಂದಿನ ತರಗತಿ, ಪ್ರವೇಶ ಪರೀಕ್ಷೆ, ವಿದ್ಯಾರ್ಥಿವೇತನ ಎಲ್ಲವೂ ನಿಂತಿವೆ.

ಹಾಗಾಗಿ ಶ್ರೇಯಾಂಕದ ಪಟ್ಟಿಯನ್ನು ಬದಿಗಿಟ್ಟು ನಾಲ್ಕು ಸಂಗತಿ ವಿಚಾರಿಸಿ. ಸಂಸ್ಥೆಯನ್ನು ಯಾರು, ಏಕೆ ಕಟ್ಟಿದರು? ಇಂದು ಹಣ ಕೊಡುವವರು ಯಾರು? ಪದವಿಯ ಮೇಲೆ ಯಾರ ಮೊಹರು ಬೀಳುತ್ತದೆ? ಪಾಠ ಹೇಳುವುದು ಅಲ್ಲಿನ ಸಂಶೋಧಕರ ಮುಖ್ಯ ಕೆಲಸವೋ, ಬಿಡುವಿನ ಕೆಲಸವೋ? ನನ್ನ ದೃಷ್ಟಿಯಲ್ಲಿ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅದನ್ನು ಕೇಳುವವರು ಮಾತ್ರ ಬಹಳ ಕಡಿಮೆ.

ಟಿಐಎಫ್‌ಆರ್: ಮೊದಲು ವ್ಯಕ್ತಿ, ಆಮೇಲೆ ಕಟ್ಟಡ

ಕಥೆ ಶುರುವಾಗುವುದು ಬೆಂಗಳೂರಿನಲ್ಲಿ. ಎರಡನೇ ಮಹಾಯುದ್ಧದಿಂದಾಗಿ ಕೇಂಬ್ರಿಜ್‌ಗೆ ಮರಳಲಾಗದೆ ಹೋಮಿ ಭಾಭಾ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಳಿದರು. 1944ರ ಮಾರ್ಚ್‌ನಲ್ಲಿ ಅವರು ಸರ್ ದೊರಾಬ್ಜಿ ಟಾಟಾ ಟ್ರಸ್ಟ್‌ಗೆ ಪತ್ರ ಬರೆದು, ಮೂಲಭೂತ ಸಂಶೋಧನೆಗೆಂದೇ ಒಂದು ಸಂಸ್ಥೆ ಬೇಕೆಂದು ಕೇಳಿದರು. 1945ರ ಜೂನ್‌ನಲ್ಲಿ ಟಿಐಎಫ್‌ಆರ್ ಕೆಲಸ ಆರಂಭಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ. ಅದೇ ವರ್ಷದ ಕೊನೆಗೆ ಅದು ಮುಂಬೈಗೆ, ಪೆಡ್ಡರ್ ರಸ್ತೆಯ ಒಂದು ಬಂಗಲೆಗೆ ಹೋಯಿತು. ಕೊಲಾಬಾದ ಕಡಲಂಚಿನ ಈಗಿನ ಕಟ್ಟಡ ಉದ್ಘಾಟನೆಯಾಗಿದ್ದು 1962ರಲ್ಲಿ. ಕೆಲವು ತಿಂಗಳಾದರೂ ಅದು ನಮ್ಮ ಊರಿನ ಸಂಸ್ಥೆಯಾಗಿತ್ತು ಎಂಬುದನ್ನು ಬೆಂಗಳೂರಿನವರು ಮರೆತೇಬಿಟ್ಟಿದ್ದಾರೆ.

ಜರ್ಮನಿಯ ಕೈಸರ್ ವಿಲ್ಹೆಲ್ಮ್ ಸೊಸೈಟಿ ಎಂಬ ಸಂಶೋಧನಾ ಸಂಘದ ಪದ್ಧತಿ ಭಾಭಾ ಅವರಿಗೆ ಮೆಚ್ಚುಗೆಯಾಗಿತ್ತು. ಹುದ್ದೆಗಳನ್ನು ಸೃಷ್ಟಿಸಿ ಜನರನ್ನು ಹುಡುಕುವುದು ಅವರ ರೀತಿಯಲ್ಲ. ಸಮರ್ಥರೊಬ್ಬರು ಸಿಕ್ಕರೆ ಅವರ ಸುತ್ತ ವಿಭಾಗವನ್ನು ಬೆಳೆಸಬೇಕು. ಗಣಿತಕ್ಕೆ ಅಂಥವರು ಸಿಕ್ಕಿದ್ದು ಅಮೆರಿಕದ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ. ಅದು 1930ರಲ್ಲಿ ಬ್ಯಾಂಬರ್ಗರ್ ಮನೆತನದ ದಾನದಿಂದ ಸ್ಥಾಪನೆಯಾಯಿತು. ತರಗತಿಯಿಲ್ಲ, ಪರೀಕ್ಷೆಯಿಲ್ಲ, ಪದವಿಯಿಲ್ಲ. ಯೋಚಿಸಲು ಸಂಬಳ ಕೊಡುವ ತಾಣ. ಅಲ್ಲಿದ್ದ ಕೆ. ಚಂದ್ರಶೇಖರನ್ 1949ರಲ್ಲಿ ಭಾಭಾ ಅವರ ಕರೆಗೆ ಓಗೊಟ್ಟು ಮುಂಬೈಗೆ ಬಂದರು. ಪ್ರಿನ್ಸ್‌ಟನ್ನಿನಿಂದ ಬಂದರೂ ಅದರ ಪಡಿಯಚ್ಚನ್ನು ಅವರು ಇಲ್ಲಿ ಕಟ್ಟಲಿಲ್ಲ. ಪ್ರಿನ್ಸ್‌ಟನ್ನಿಗೆ ಬರುವವರು ಆಗಲೇ ಗಣಿತಜ್ಞರಾಗಿರುತ್ತಿದ್ದರು; ಭಾರತದಲ್ಲಿ ಗಣಿತಜ್ಞರನ್ನು ತಯಾರು ಮಾಡುವುದರಿಂದಲೇ ಆರಂಭಿಸಬೇಕಿತ್ತು. ಕೆ.ಜಿ. ರಾಮನಾಥನ್ ಅವರ ಜೊತೆಗೂಡಿ ಚಂದ್ರಶೇಖರನ್ ಕೆಲವೇ ಹುಡುಗರನ್ನು ಆರಿಸಿಕೊಂಡರು. ಲೋರಾಂ ಶ್ವಾರ್ಟ್ಸ್, ಕಾರ್ಲ್ ಲುಡ್ವಿಗ್ ಸೀಗಲ್ ಮೊದಲಾದವರನ್ನು ಕರೆಸಿ ತಿಂಗಳುಗಟ್ಟಲೆ ಉಪನ್ಯಾಸ ಕೊಡಿಸಿದರು. ಉಪನ್ಯಾಸದ ಟಿಪ್ಪಣಿ ಬರೆದು ಒಪ್ಪ ಮಾಡುವುದು ವಿದ್ಯಾರ್ಥಿಗಳ ಹೊಣೆ. ಮಹಾ ಗಣಿತಜ್ಞನೊಬ್ಬನ ಮಾತನ್ನು ಅಚ್ಚಿಗೆ ಸಿದ್ಧಗೊಳಿಸಬೇಕಾದರೆ ಪ್ರತಿ ಸಾಲೂ ಅರ್ಥವಾಗಲೇಬೇಕು. ಅದಕ್ಕಿಂತ ಕಠಿಣವಾದ ಪರೀಕ್ಷೆ ಮತ್ತೊಂದು ಬೇಕೆ? ಆ ಟಿಪ್ಪಣಿಗಳು ಜಗತ್ತಿನ ಗ್ರಂಥಾಲಯಗಳಿಗೆ ಹೋದವು.

1953ರಲ್ಲಿ ಹೀಗೆ ಸೇರಿದ ಇಬ್ಬರು ಎಂ.ಎಸ್. ನರಸಿಂಹನ್ ಮತ್ತು ಸಿ.ಎಸ್. ಶೇಷಾದ್ರಿ. ಇಬ್ಬರೂ ಮದರಾಸಿನ ಲಯೋಲಾ ಕಾಲೇಜಿನಲ್ಲಿ ಫ್ರೆಂಚ್ ಪಾದ್ರಿ ಫಾದರ್ ರಸೀನ್ ಅವರ ಶಿಷ್ಯರು. 1965ರಲ್ಲಿ ಪ್ರಕಟವಾದ ನರಸಿಂಹನ್–ಶೇಷಾದ್ರಿ ಪ್ರಮೇಯ ಇಂದಿಗೂ ಬೀಜೀಯ ಜ್ಯಾಮಿತಿಯ, ಅಂದರೆ ಸಮೀಕರಣಗಳಿಂದ ಮೂಡುವ ಆಕಾರಗಳನ್ನು ಓದುವ ಶಾಖೆಯ, ಪಠ್ಯದಲ್ಲಿದೆ. ಅದೇ ವರ್ಷ ಚಂದ್ರಶೇಖರನ್ ಜೂರಿಕ್‌ಗೆ ಹೊರಟುಹೋದರು. ಕಟ್ಟಿದವರು ಹೋದ ಮೇಲೂ ವಿಭಾಗ ನಿಂತಿತು. ಎಂ.ಎಸ್. ರಘುನಾಥನ್ ಅವರಂಥವರು ಅಲ್ಲಿಯೇ ತಯಾರಾಗಿ ಅಲ್ಲಿಯೇ ಉಳಿದಿದ್ದು ಅದಕ್ಕೆ ಒಂದು ಕಾರಣ.

ಈಗ ಟಿಐಎಫ್‌ಆರ್ ಪರಮಾಣು ಶಕ್ತಿ ಇಲಾಖೆಯ ಅಡಿಯಲ್ಲಿದೆ. 2002ರಿಂದ ಅದಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನವಿದೆ, ಅಂದರೆ ಪದವಿಯನ್ನು ತಾನೇ ಕೊಡಬಹುದು. ಅಲ್ಲಿಯವರೆಗೆ ಪಿಎಚ್‌ಡಿ ಪಡೆಯಲು ಬೇರೆ ವಿಶ್ವವಿದ್ಯಾಲಯದ ಮೊಹರು ಬೇಕಿತ್ತು. ನರಸಿಂಹನ್ ಪಡೆದದ್ದೂ ಮುಂಬೈ ವಿಶ್ವವಿದ್ಯಾಲಯದ ಪದವಿಯೇ. ಬೀಜೀಯ ಜ್ಯಾಮಿತಿ, ಸಂಖ್ಯಾ ಸಿದ್ಧಾಂತ, ಲೀ ಗುಂಪುಗಳ ಕಡೆ ಮನಸ್ಸು ಆಗಲೇ ವಾಲಿದ್ದು, ಎಂಎಸ್ಸಿ ಮಟ್ಟದ ಬುನಾದಿ ಗಟ್ಟಿಯಾಗಿದ್ದರೆ ಇಲ್ಲಿಗೆ ಅರ್ಜಿ ಹಾಕಿ. ಬುನಾದಿ ಇನ್ನೂ ಹಸಿಯಾಗಿದ್ದರೆ ಕಾಯುವುದು ಒಳ್ಳೆಯದು. ಕೈಹಿಡಿದು ನಡೆಸುವ ಪದ್ಧತಿಯನ್ನು ಆ ಸಂಸ್ಥೆ ಎಂದೂ ಇಟ್ಟುಕೊಂಡಿಲ್ಲ.

ಬೆಂಗಳೂರಿನ ಎರಡು ಕವಲು

ಗಣಿತಕ್ಕೆ ಸಂಬಂಧಿಸಿದಂತೆ ಟಿಐಎಫ್‌ಆರ್‌ಗೆ ಬೆಂಗಳೂರಿನಲ್ಲಿ ಎರಡು ಕೇಂದ್ರಗಳಿದ್ದು, ನಮ್ಮ ವಿದ್ಯಾರ್ಥಿಗಳು ಇವೆರಡನ್ನೂ ಕಲಸಿಕೊಳ್ಳುತ್ತಾರೆ. ಮೊದಲನೆಯದು ಆನ್ವಯಿಕ ಗಣಿತ ಕೇಂದ್ರ, ಸಿಎಎಂ. 1970ರ ದಶಕದ ನಡುವೆ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ ನಡೆಸಿದ ಕಾರ್ಯಕ್ರಮವಾಗಿ ಇದು ಹುಟ್ಟಿತು. ರಾಮನಾಥನ್ ಅವರ ಮುತುವರ್ಜಿ, ಫ್ರಾನ್ಸಿನ ಗಣಿತಜ್ಞ ಝಾಕ್ ಲೂಯಿ ಲಿಯೋಂ ಅವರ ನೆರವು ಇದರ ಹಿಂದಿದ್ದವು. ಶುದ್ಧ ಗಣಿತದ ಕೋಟೆಯಾಗಿದ್ದ ಸಂಸ್ಥೆ ಶಾಖ, ಅಲೆ, ಹರಿವುಗಳನ್ನು ಬಣ್ಣಿಸುವ ಆಂಶಿಕ ಅವಕಲ ಸಮೀಕರಣಗಳ ಕಡೆ ತಿರುಗಿದ್ದು ಹೀಗೆ. ಪ್ಯಾರಿಸ್‌ನ ಜೊತೆಗಿನ ಆ ನಂಟು ಇಂದಿಗೂ ಕೇಂದ್ರದ ವಿಷಯಗಳಲ್ಲಿ ಕಾಣುತ್ತದೆ. ಯಲಹಂಕದ ಕಡೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಬಳಿ ಇದು ಇದೆ. ಬಿಎಸ್ಸಿ ಮುಗಿಸಿದವರಿಗೂ ಇಲ್ಲಿ ಸಮಗ್ರ ಪಿಎಚ್‌ಡಿಯ, ಅಂದರೆ ಎಂಎಸ್ಸಿ ಮತ್ತು ಪಿಎಚ್‌ಡಿಯನ್ನು ಒಟ್ಟಿಗೆ ಓದುವ, ದಾರಿ ಉಂಟು. ಸಮೀಕರಣಗಳು, ವಿಶ್ಲೇಷಣೆ, ಸಂಖ್ಯಾತ್ಮಕ ವಿಧಾನಗಳು ಇಷ್ಟವಿರುವ, ಕರ್ನಾಟಕ ಬಿಟ್ಟು ಹೋಗಲಾಗದ ಬಿಎಸ್ಸಿ ವಿದ್ಯಾರ್ಥಿಗೆ ನಾನು ಮೊದಲು ಹೇಳುವ ಹೆಸರು ಇದೇ. ಇದರ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಯಾರೂ ಮಾತನಾಡದಿರುವುದು ನನಗೆ ಅರ್ಥವಾಗದ ಸಂಗತಿ.

ಎರಡನೆಯದು ಹೆಸರಘಟ್ಟದ ಕಡೆಯ ಶಿವಕೋಟೆಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ, ಐಸಿಟಿಎಸ್. 2007ರಲ್ಲಿ ಸ್ಥಾಪನೆಯಾದ ಇದರ ಮುಖ್ಯ ಕೆಲಸ ಕಾರ್ಯಾಗಾರ, ಬೇಸಿಗೆ ಶಾಲೆ, ಉಪನ್ಯಾಸ ಮಾಲೆಗಳನ್ನು ನಡೆಸಿ ದೇಶವಿದೇಶಗಳ ಸಂಶೋಧಕರನ್ನು ಒಂದೆಡೆ ಸೇರಿಸುವುದು. ಅಮೆರಿಕದಲ್ಲಿ ಚರ್ನ್, ಸಿಂಗರ್, ಮೂರ್ ಮೂವರೂ ಸೇರಿ ಬರ್ಕ್ಲಿಯಲ್ಲಿ 1982ರಲ್ಲಿ ಆರಂಭಿಸಿದ ಗಣಿತ ಸಂಸ್ಥೆಯದೂ, ಜರ್ಮನಿಯ ಕಪ್ಪು ಕಾಡಿನ ಒಬರ್‌ವೊಲ್ಫಾಕ್ ಗಣಿತ ಸಂಸ್ಥೆಯದೂ ಇದೇ ಜಾಡು. ಇಂಥಲ್ಲಿ ಒಂದು ವಾರ ಕಳೆಯುವುದರಿಂದ ಸಿಗುವ ಲಾಭವೇ ಬೇರೆ, ಐದು ವರ್ಷ ಒಬ್ಬ ಮಾರ್ಗದರ್ಶಕರ ಬಳಿ ಕಳೆಯುವುದರಿಂದ ಸಿಗುವುದೇ ಬೇರೆ. ಐಸಿಟಿಎಸ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳೂ ಇದ್ದಾರೆ. ಆದರೂ ಹೆಚ್ಚಿನವರು ಅಲ್ಲಿಗೆ ಹೋಗುವುದು, ಬೇರೆಲ್ಲೋ ಓದುತ್ತಿರುವಾಗ, ಅತಿಥಿಗಳಾಗಿ.

ಸಿಎಂಐ: ಶೇಷಾದ್ರಿಯವರ ಉತ್ತರ

ಟಿಐಎಫ್‌ಆರ್‌ನ ಕೀರ್ತಿಯ ನಡುವೆ ಬೆಳೆದ ಶೇಷಾದ್ರಿಯವರೇ ಅದರ ಒಂದು ಕೊರತೆಯನ್ನು ಕಂಡವರು. ಅಗ್ರ ಸಂಶೋಧಕರು ಒಂದೆಡೆ, ಹದಿನೆಂಟರ ಹುಡುಗರು ಇನ್ನೊಂದೆಡೆ, ನಡುವೆ ಗೋಡೆ. 1984ರಲ್ಲಿ ಅವರು ಮುಂಬೈ ಬಿಟ್ಟು ಚೆನ್ನೈಯ ಗಣಿತ ವಿಜ್ಞಾನ ಸಂಸ್ಥೆಗೆ ಬಂದರು. 1989ರಲ್ಲಿ ರಸಗೊಬ್ಬರ ಕಂಪನಿ ಸ್ಪಿಕ್‌ನ ವಿಜ್ಞಾನ ಪ್ರತಿಷ್ಠಾನದೊಳಗೆ ಗಣಿತದ ಶಾಲೆಯೊಂದನ್ನು ತೆರೆದರು. ಯೂರಿಯಾ ಮಾರಿದ ಹಣದಲ್ಲಿ ಬೀಜೀಯ ಜ್ಯಾಮಿತಿ ಎಂದು ಯಾರಾದರೂ ನಕ್ಕಿರಬಹುದು. ಆದರೆ ಸರ್ಕಾರಿ ಕಡತಗಳ ಹಂಗಿಲ್ಲದೆ ಮೊದಲ ಹೆಜ್ಜೆ ಇಡಲು ಆ ಹಣವೇ ನೆರವಾಯಿತು. 1996ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು. ಆಮೇಲೆ ಈಗಿನ ಹೆಸರು ಬಂತು.

1998ರಲ್ಲಿ ಬಿಎಸ್ಸಿ ಆರಂಭಿಸಿದಾಗ ಎದುರಾದ ತೊಡಕು ಪದವಿಯ ಮೊಹರಿನದು. ಸಿಎಂಐಗೆ ಸ್ವತಃ ಪದವಿ ಕೊಡುವ ಹಕ್ಕಿರಲಿಲ್ಲ. ಕೊನೆಗೆ ಭೋಪಾಲದ ಭೋಜ್ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಕೊಡುವ ಏರ್ಪಾಡಾಯಿತು. ಚೆನ್ನೈಯಲ್ಲಿ ಕುಳಿತು ಓದಿದವರ ಕೈಗೆ ಮಧ್ಯಪ್ರದೇಶದ ಮುಕ್ತ ವಿಶ್ವವಿದ್ಯಾಲಯದ ಪ್ರಮಾಣಪತ್ರ! ಆ ಪ್ರಮಾಣಪತ್ರ ಹಿಡಿದವರೇ ವಿದೇಶದ ಹೆಸರಾಂತ ವಿಶ್ವವಿದ್ಯಾಲಯಗಳ ಪಿಎಚ್‌ಡಿಗೆ ಹೋದರು. ಪ್ಯಾರಿಸ್‌ನ ಹೆಸರಾಂತ ವಿದ್ಯಾಸಂಸ್ಥೆ ಎಕೋಲ್ ನಾರ್ಮಾಲ್ ಜೊತೆ ವಿದ್ಯಾರ್ಥಿ ವಿನಿಮಯವೂ ನಡೆಯಿತು. ಮೊಹರು ನೋಡಿ ಹೆದರುವ ತಂದೆತಾಯಿಗಳಿಗೆ ಈ ಕಥೆಯನ್ನು ಹೇಳಬೇಕು. 2006ರಲ್ಲಿ ಸಿಎಂಐ ಪರಿಗಣಿತ ವಿಶ್ವವಿದ್ಯಾಲಯವಾಯಿತು, ಆ ಚಿಂತೆ ತೀರಿತು. ಈಗ ಅದು ಚೆನ್ನೈ ಹೊರವಲಯದ ಸಿರುಸೇರಿಯಲ್ಲಿ, ಐಟಿ ಪಾರ್ಕಿನೊಳಗಿದೆ.

ಸಿಎಂಐಯ ಹಣಕಾಸು ಮಿಶ್ರ ಬಗೆಯದು. ಕೇಂದ್ರ ಸರ್ಕಾರದ ನೆರವು ಒಂದು ಪಾಲು, ಖಾಸಗಿ ದಾನ ಇನ್ನೊಂದು ಪಾಲು. ನಮ್ಮ ಬೆಂಗಳೂರಿನ ಇನ್ಫೊಸಿಸ್ ಪ್ರತಿಷ್ಠಾನದ ಕೊಡುಗೆಯೂ ಅದರಲ್ಲಿದೆ. ಇದರ ಪರಿಣಾಮ ವಿದ್ಯಾರ್ಥಿಯ ಜೇಬಿಗೆ ತಟ್ಟುತ್ತದೆ: ಇಲ್ಲಿ ಶುಲ್ಕವಿದೆ, ಜೊತೆಗೆ ಅರ್ಹತೆ ಮತ್ತು ಅಗತ್ಯ ನೋಡಿ ವಿನಾಯಿತಿಯೂ ಇದೆ. ಅರ್ಜಿ ಹಾಕುವಾಗಲೇ ವಿನಾಯಿತಿಯ ನಿಯಮ ಓದಿಕೊಳ್ಳಿ. ಇದಕ್ಕೆ ಪ್ರತಿಯಾಗಿ ಸಿಗುವುದು, ಪ್ರಬಂಧ ಬರೆಯುವ ಗಣಿತಜ್ಞರೇ ಮೊದಲ ವರ್ಷದ ಕಲನಶಾಸ್ತ್ರ ಹೇಳಿಕೊಡುವ ತರಗತಿ. ಗಣಿತದ ಜೊತೆ ಕಂಪ್ಯೂಟರ್ ವಿಜ್ಞಾನವನ್ನೂ ಸಮನಾಗಿ ಓದುವ ಪದವಿ ಇಲ್ಲಿಯ ಹೆಗ್ಗಳಿಕೆ. ‘ಗಣಿತ ಇಷ್ಟ, ಆದರೆ ಕೆಲಸದ ಚಿಂತೆಯೂ ಇದೆ’ ಎನ್ನುವ ಮನೆಗಳಿಗೆ ಇದರಷ್ಟು ಒಗ್ಗುವ ಆಯ್ಕೆ ಇನ್ನೊಂದಿಲ್ಲ. ಕರ್ನಾಟಕ ಸಂಗೀತದಲ್ಲಿ ಪಳಗಿದ್ದ ಶೇಷಾದ್ರಿಯವರು ಕಟ್ಟಿದ ಜಾಗ ಎಂಬುದು ಕೆಲವರಿಗಾದರೂ ಹೆಚ್ಚುವರಿ ಆಕರ್ಷಣೆ.

ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ: ಕಾಯ್ದೆಯ ಬಲ

ಐಎಸ್‌ಐ ಎಂದು ಕರೆಯುವ ಈ ಸಂಸ್ಥೆ 1931ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಿ.ಸಿ. ಮಹಲನೋಬಿಸ್ ಕಟ್ಟಿದ್ದು. ಅದು ಹುಟ್ಟಿದ್ದೇ ಲೆಕ್ಕ ಹಾಕಲು: ಬೆಳೆ ಎಷ್ಟು, ಪ್ರವಾಹ ಎಷ್ಟು, ಜನರ ಖರ್ಚು ಎಷ್ಟು. ದೇಶದ ಮಾದರಿ ಸಮೀಕ್ಷೆಯ ಬೇರು ಅಲ್ಲಿದೆ. ಅಂಥ ಸಂಸ್ಥೆಯಲ್ಲಿ ಅತ್ಯಂತ ಅಮೂರ್ತ ಗಣಿತ ಬೆಳೆದದ್ದು ಹೇಗೆ? 1950ರ ದಶಕದ ಕೊನೆಯಲ್ಲಿ ಆರ್. ರಂಗರಾವ್, ಕೆ.ಆರ್. ಪಾರ್ಥಸಾರಥಿ, ವಿ.ಎಸ್. ವರದರಾಜನ್, ಎಸ್.ಆರ್.ಎಸ್. ವರಧನ್ ನಾಲ್ವರೂ ಅಲ್ಲಿ ಒಬ್ಬರಿಗೊಬ್ಬರು ಪಾಠ ಹೇಳಿಕೊಂಡು ಸಂಭವನೀಯತೆಯ ಆಳಕ್ಕೆ ಇಳಿದರು. ವರಧನ್ ಅವರ ಪ್ರಬಂಧವನ್ನು ಪರೀಕ್ಷಿಸಿದವರಲ್ಲಿ ರಷ್ಯಾದ ಮಹಾ ಗಣಿತಜ್ಞ ಕೊಲ್ಮೊಗೊರೊವ್ ಒಬ್ಬರು. 2007ರಲ್ಲಿ ವರಧನ್ ಅವರಿಗೆ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಆಬೆಲ್ ಪ್ರಶಸ್ತಿ ಬಂತು. ಆ ಕಾಲದಲ್ಲಿ ಅಲ್ಲಿಯ ಸಂಶೋಧನೆಗೆ ಬೆನ್ನೆಲುಬಾಗಿದ್ದವರು ಸಿ.ಆರ್. ರಾವ್, ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದವರು. ಹಡಗಲಿಯ ಮಲ್ಲಿಗೆಯಷ್ಟು ಅವರ ಹೆಸರು ನಮ್ಮಲ್ಲಿ ಹರಡಲಿಲ್ಲ.

1959ರಲ್ಲಿ ಸಂಸತ್ತು ಕಾಯ್ದೆ ಮಾಡಿ ಐಎಸ್‌ಐಯನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸಿತು. ಆಗಲೇ ತನ್ನ ಪದವಿಯನ್ನು ತಾನೇ ಕೊಡುವ ಹಕ್ಕು ಸಿಕ್ಕಿತು. ಹಣ ಕೊಡುವುದು ಸಾಂಖ್ಯಿಕ ಸಚಿವಾಲಯ. ಆಡಳಿತ ಮಾತ್ರ ನೋಂದಾಯಿತ ಸೊಸೈಟಿಯೊಂದರ ಕೈಯಲ್ಲಿ ಉಳಿಯಿತು. ಈ ವಿಚಿತ್ರ ಜೋಡಣೆಯೇ ಈಗ ಜಗಳದ ವಸ್ತು. 2025ರಲ್ಲಿ ಹೊಸ ಕಾಯ್ದೆಯ ಕರಡು ಹೊರಬಿದ್ದಾಗ, ಸ್ವಾಯತ್ತತೆ ಹೋಗುತ್ತದೆಂದು ಅಧ್ಯಾಪಕರೂ ವಿದ್ಯಾರ್ಥಿಗಳೂ ವಿರೋಧಿಸಿದರು. ಸೇರುವವರು ಈ ಸುದ್ದಿಯ ಮೇಲೆ ಕಣ್ಣಿಟ್ಟಿರಬೇಕು, ಆದರೆ ಅದೊಂದೇ ಕಾರಣಕ್ಕೆ ಹಿಂಜರಿಯಬೇಕಿಲ್ಲ.

ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ. 1970ರ ದಶಕದ ಕೊನೆಯಲ್ಲಿ ಆರಂಭವಾದದ್ದು. ಬಿಮ್ಯಾಥ್ ಎಂಬ ಗಣಿತ ಪದವಿ ಅಲ್ಲಿ 2000ದ ಸುಮಾರಿಗೆ ಶುರುವಾಯಿತು. ತರಗತಿ ಚಿಕ್ಕದು, ಗಣಿತ ದಟ್ಟವಾದದ್ದು. ಮಧ್ಯಮ ವರ್ಗದ ಮನೆಗಳಿಗೆ ಇದರ ದೊಡ್ಡ ಆಕರ್ಷಣೆ ಕಡಿಮೆ ಖರ್ಚು: ಶುಲ್ಕದ ಭಾರವಿಲ್ಲ, ಅಂಕ ಕಾಯ್ದುಕೊಂಡವರಿಗೆ ಮಾಸಿಕ ವಿದ್ಯಾರ್ಥಿವೇತನದ ಪದ್ಧತಿ ಇದೆ. ಆ ವರ್ಷದ ಪ್ರಕಟಣೆಯಲ್ಲಿ ವಿವರ ನೋಡಿಕೊಳ್ಳಿ. ಪ್ರವೇಶ ಪರೀಕ್ಷೆಯಲ್ಲಿ ಬಹು ಆಯ್ಕೆಯ ಭಾಗದ ಜೊತೆಗೆ ವಿವರಣಾತ್ಮಕ ಭಾಗವೂ ಇದೆ. ಅಲ್ಲಿ ಉತ್ತರ ಸರಿಯಿದ್ದರೆ ಸಾಲದು, ಸಾಧನೆ, ಅಂದರೆ ಅದು ಏಕೆ ಸರಿ ಎಂಬ ತರ್ಕವನ್ನು ಹಂತಹಂತವಾಗಿ ಬರೆಯಬೇಕು. ಕೋಚಿಂಗ್ ಕೇಂದ್ರದ ವೇಗದ ತಂತ್ರಗಳು ಅಲ್ಲಿ ಕೈಕೊಡುತ್ತವೆ. ಒಂದು ಸಮಸ್ಯೆಯ ಮೇಲೆ ಇಡೀ ಸಂಜೆ ಕಳೆಯಬಲ್ಲ, ಬೇರೆ ವಿಷಯಗಳ ಹಂಬಲವಿಲ್ಲದ ಹುಡುಗ ಹುಡುಗಿಯರಿಗೆ ಇದೇ ಸರಿಯಾದ ಜಾಗ. ಪ್ರಪಂಚದ ಎಲ್ಲದರಲ್ಲೂ ಕುತೂಹಲವಿರುವವರಿಗೆ ಅಲ್ಲಿ ಉಸಿರುಕಟ್ಟಬಹುದು.

ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಉಳಿದವು

ಕುತೂಹಲ ಹರಡಿಕೊಂಡಿರುವವರಿಗೆ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಜಮ್ಶೆಡ್‌ಜಿ ಟಾಟಾ ಅವರ ಕನಸು, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿ, 1909ರ ಆರಂಭ ಇವೆಲ್ಲ ಕನ್ನಡಿಗರಿಗೆ ಗೊತ್ತಿರುವುದೇ. ಅಲ್ಲಿ ಗಣಿತ ವಿಭಾಗ ಬಂದದ್ದು ತಡವಾಗಿ, 1956ರಲ್ಲಿ, ಆನ್ವಯಿಕ ಗಣಿತದ ಹೆಸರಿನಲ್ಲಿ. ಮುಖ್ಯಸ್ಥರಾಗಿ ಬಂದವರು ಅನಿಲಗಳ ಚಲನೆಯ ಸಮೀಕರಣದಿಂದ ಹೆಸರಾದ ಪಿ.ಎಲ್. ಭಟ್ನಾಗರ್. ಎಂಜಿನಿಯರುಗಳಿಗೆ ನೆರವಾಗಲು ಹುಟ್ಟಿದ ವಿಭಾಗ ಇಂದು ಶುದ್ಧ ಗಣಿತದಲ್ಲಿಯೂ ಬಲವಾಗಿದೆ. 2011ರಲ್ಲಿ ಆರಂಭವಾದ ಸ್ನಾತಕ ಪದವಿಯಲ್ಲಿ ಎಲ್ಲರೂ ಮೊದಲು ಭೌತ, ರಸಾಯನ, ಜೀವ, ಗಣಿತ ಎಲ್ಲವನ್ನೂ ಓದಿ ಆಮೇಲೆ ಒಂದನ್ನು ಆರಿಸಿಕೊಳ್ಳುತ್ತಾರೆ. ಹದಿನೇಳನೇ ವಯಸ್ಸಿನಲ್ಲಿ ಗಣಿತವೇ ನನ್ನ ದಾರಿ ಎಂದು ಖಚಿತವಾಗಿ ಹೇಳಲಾಗದವರಿಗೆ ಇದು ವರ. ಪ್ರವೇಶಕ್ಕೆ ಜೆಇಇಯಂಥ ಪರೀಕ್ಷೆಗಳ ಹಾದಿ. ಆ ಪೈಪೋಟಿಯ ಒತ್ತಡ ಬೇಡವೆನ್ನುವವರು ಬಿಎಸ್ಸಿ ಮುಗಿಸಿ, ಐಐಟಿಗಳು ನಡೆಸುವ ಸ್ನಾತಕೋತ್ತರ ಪ್ರವೇಶದ ಜ್ಯಾಮ್ ಪರೀಕ್ಷೆಯ ಮೂಲಕ ಸಮಗ್ರ ಪಿಎಚ್‌ಡಿಗೆ ಬರಬಹುದು.

ಚೆನ್ನೈ ತರಮಣಿಯ ಗಣಿತ ವಿಜ್ಞಾನ ಸಂಸ್ಥೆ ಹುಟ್ಟಿದ್ದು ಅಲ್ಲಾಡಿ ರಾಮಕೃಷ್ಣನ್ ಅವರ ಮನೆಯ ವಿಚಾರಗೋಷ್ಠಿಯಿಂದ. ಆ ಗೋಷ್ಠಿಗೆ ನೀಲ್ಸ್ ಬೋರ್ ಬಂದು ಮೆಚ್ಚಿದರು, ವಿಷಯ ನೆಹರೂ ಕಿವಿಗೆ ಬಿತ್ತು, 1962ರ ಜನವರಿಯಲ್ಲಿ ಸಂಸ್ಥೆಯೇ ಎದ್ದು ನಿಂತಿತು. ಈಗ ಅಲ್ಲಿ ಗಣಿತದ ಜೊತೆ ಸೈದ್ಧಾಂತಿಕ ಭೌತವಿಜ್ಞಾನ ಮತ್ತು ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನ ಒಂದೇ ಸೂರಿನಡಿ ಇವೆ. ಈ ಮೂರರ ಗಡಿಯಲ್ಲಿ ಕೆಲಸ ಮಾಡಬಯಸುವವರು ನೋಡಬೇಕಾದ ಜಾಗ. ಪ್ರಯಾಗರಾಜ್ ಬಳಿಯ ಹರೀಶ್‌ಚಂದ್ರ ಸಂಶೋಧನಾ ಸಂಸ್ಥೆ ಮೊದಲು ಮೆಹ್ತಾ ಟ್ರಸ್ಟಿನ ಹೆಸರಲ್ಲಿತ್ತು. 2000ದಲ್ಲಿ ಹೆಸರು ಬದಲಾಯಿತು. ಊರಿನಿಂದ ದೂರ, ಗದ್ದಲದಿಂದ ಇನ್ನೂ ದೂರ. ಏಕಾಂತ ಬೇಕಾದವರಿಗೆ ಸರಿ, ಊಟ ಮತ್ತು ಭಾಷೆಯ ಬಗ್ಗೆ ಗೊಣಗುವವರಿಗೆ ಬೇಡ. ಎರಡೂ ಪರಮಾಣು ಶಕ್ತಿ ಇಲಾಖೆಯ ನೆರವಿನವು, ಎರಡರ ಪದವಿಯೂ ಅದೇ ಇಲಾಖೆಯ ಪರಿಗಣಿತ ವಿಶ್ವವಿದ್ಯಾಲಯವಾದ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಯದು.

ಹಾಗಾದರೆ ಯಾರು ಎಲ್ಲಿಗೆ?

ಇಲ್ಲಿ ಹೇಳಿದ ಸಂಸ್ಥೆಗಳಲ್ಲಿ ಪಿಯುಸಿ ಮುಗಿಸಿದವರ ಮುಂದೆ ಮುಖ್ಯವಾಗಿ ಇರುವುದು ಮೂರು ಬಾಗಿಲು: ಐಎಸ್‌ಐ ಬೆಂಗಳೂರು, ಸಿಎಂಐ, ಭಾರತೀಯ ವಿಜ್ಞಾನ ಸಂಸ್ಥೆ. ಹಣದ ಮುಗ್ಗಟ್ಟಿದ್ದು ಗಣಿತದ ಹುಚ್ಚು ಗಟ್ಟಿಯಾಗಿದ್ದರೆ ಮೊದಲನೆಯದು. ಕಂಪ್ಯೂಟರ್ ಕಡೆಗೂ ಕಣ್ಣಿದ್ದರೆ ಎರಡನೆಯದು. ಮನಸ್ಸು ಇನ್ನೂ ಮಾಡಿಲ್ಲದಿದ್ದರೆ ಮೂರನೆಯದು. ಮೂರಕ್ಕೂ ಅರ್ಜಿ ಹಾಕಿ, ಒಂದಕ್ಕೇ ಜೋತುಬೀಳಬೇಡಿ. ಮೂರರಲ್ಲೂ ಸಿಗದಿದ್ದರೆ ಬದುಕು ಮುಗಿಯುವುದಿಲ್ಲ, ಏಕೆಂದರೆ ಬಿಎಸ್ಸಿಯ ನಂತರ ಬಾಗಿಲುಗಳು ಹೆಚ್ಚಾಗುತ್ತವೆ: ಸಿಎಂಐಯ ಎಂಎಸ್ಸಿ, ಐಎಸ್‌ಐಯ ಎಂಮ್ಯಾಥ್ ಎಂಬ ಸ್ನಾತಕೋತ್ತರ ಪದವಿ, ಸಿಎಎಂ ಹಾಗೂ ವಿಜ್ಞಾನ ಸಂಸ್ಥೆಯ ಸಮಗ್ರ ಪಿಎಚ್‌ಡಿ.

ಜಿಲ್ಲಾ ಕೇಂದ್ರದ ಪದವಿ ಕಾಲೇಜಿನಿಂದ ಬರುವವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ನಮ್ಮ ಬಹುತೇಕ ಪಠ್ಯಗಳು ಲೆಕ್ಕ ಮಾಡಲು ಕಲಿಸುತ್ತವೆ, ಸಾಧನೆ ಬರೆಯಲು ಕಲಿಸುವುದಿಲ್ಲ. ಐಎಸ್‌ಐಯಂಥ ಪ್ರವೇಶ ಪರೀಕ್ಷೆಗಳು ಸೋಸುವುದು ಅಲ್ಲಿಯೇ. ಈ ಕಂದಕ ದಾಟಿಸಲೆಂದೇ ಗಣಿತಜ್ಞ ಎಸ್. ಕುಮಾರೇಶನ್ 1993ರಲ್ಲಿ ಆರಂಭಿಸಿದ ಎಂಟಿಟಿಎಸ್ ಎಂಬ ಗಣಿತ ತರಬೇತಿಯ ಬೇಸಿಗೆ ಶಿಬಿರವಿದೆ. ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ಬೆಂಬಲ ಅದರ ಬೆನ್ನಿಗಿದೆ. ಅಲ್ಲಿ ಮೇಷ್ಟ್ರು ಉತ್ತರ ಹೇಳುವುದಿಲ್ಲ, ‘ಏಕೆ?’ ಎಂದು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳು ಹಿಂಸೆ ಎನಿಸಿದರೆ ಸಂಶೋಧನಾ ಸಂಸ್ಥೆಯ ಆಸೆ ಬಿಡುವುದು ಲೇಸು. ಖುಷಿ ಕೊಟ್ಟರೆ, ಅಲ್ಲಿಗೆ ಪಾಠ ಹೇಳಲು ಬಂದವರನ್ನೇ ಹಿಡಿದು, ಎಲ್ಲಿ ಯಾರ ಬಳಿ ಯಾವ ವಿಷಯ ಓದಬಹುದೆಂದು ವಿಚಾರಿಸಿ. ಅವರಲ್ಲಿ ಹಲವರು ಇವೇ ಸಂಸ್ಥೆಗಳ ಅಧ್ಯಾಪಕರು.

ಎಂಎಸ್ಸಿ ಆದವರು ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರ ಹೆಸರಿಗೆ ಬೆಲೆ ಕೊಡಬೇಕು. ಅರ್ಜಿ ಹಾಕುವ ಮೊದಲು ಆ ವಿಭಾಗದಲ್ಲಿ ಕಳೆದ ಐದಾರು ವರ್ಷಗಳಲ್ಲಿ ಯಾರು ಪಿಎಚ್‌ಡಿ ಮುಗಿಸಿದರು, ಯಾವ ವಿಷಯದಲ್ಲಿ, ಆಮೇಲೆ ಎಲ್ಲಿಗೆ ಹೋದರು ಎಂದು ನೋಡಿ. ನಿಮಗಿಷ್ಟದ ವಿಷಯದಲ್ಲಿ ಒಬ್ಬರೇ ಅಧ್ಯಾಪಕರಿದ್ದು ಅವರು ನಿವೃತ್ತಿಯ ಹೊಸ್ತಿಲಲ್ಲಿದ್ದರೆ ಸಂಸ್ಥೆ ಎಷ್ಟು ದೊಡ್ಡದಾದರೂ ಯೋಚಿಸಬೇಕಾಗುತ್ತದೆ. ಪರಮಾಣು ಶಕ್ತಿ ಇಲಾಖೆಯ ಅಡಿ 1983ರಲ್ಲಿ ಸ್ಥಾಪನೆಯಾದ ಉನ್ನತ ಗಣಿತ ಮಂಡಳಿಯ ವಿದ್ಯಾರ್ಥಿವೇತನ ಪರೀಕ್ಷೆಯನ್ನು ಮರೆಯದೆ ಬರೆಯಿರಿ. ಅದರ ಅಂಕವನ್ನು ಹಲವು ಸಂಸ್ಥೆಗಳು ಸಂದರ್ಶನಕ್ಕೆ ಕರೆಯಲು ಬಳಸುತ್ತವೆ. ಟಿಐಎಫ್‌ಆರ್‌ನ ಪರೀಕ್ಷೆ ಬೇರೆಯೇ. ಅದರ ಅರ್ಜಿಯ ಗಡುವು ಬಹುತೇಕರು ಪಿಎಚ್‌ಡಿಯ ಯೋಚನೆ ಆರಂಭಿಸುವ ಮೊದಲೇ ಮುಗಿದಿರುತ್ತದೆ. ದಸರಾ ರಜೆಯ ಹೊತ್ತಿಗೆ ಪ್ರಕಟಣೆ ಹುಡುಕಲು ಶುರುಮಾಡಿದರೆ ತಪ್ಪಿಹೋಗುವ ಭಯ ಕಡಿಮೆ.